ಬಿಲ್ಲಿನ ಸಂಖ್ಯೆ ಹುಟ್ಟುವ ಗಳಿಗೆ

(ಅಂಗಡಿ, ಸಂಘ, ಗ್ರಂಥಾಲಯಗಳ ದಾಖಲೆಗಳನ್ನು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ತಾವೇ ಇಟ್ಟುಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ರಸೀದಿ ಪುಸ್ತಕ ಮಾಡಿಸಲು ಪ್ರೆಸ್ಸಿಗೆ ಹೋದವರು ಅಲ್ಲಿ ನಂಬರಿಂಗ್ ಮಷೀನನ್ನು ನೋಡಿರುತ್ತೀರಿ. ಕೈಯಲ್ಲಿ ಹಿಡಿದು ಒತ್ತುವ ಆ ಪುಟ್ಟ ಯಂತ್ರದಲ್ಲಿ ಅಂಕಿಗಳ ಚಕ್ರಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಪ್ರತಿ ಒತ್ತಿಗೂ ಬಿಡಿಸ್ಥಾನದ ಚಕ್ರ ಒಂದು ಹಲ್ಲು ತಿರುಗುತ್ತದೆ, ಒಂಬತ್ತನ್ನು ದಾಟುವಾಗ ಪಕ್ಕದ ಹತ್ತರ ಚಕ್ರವನ್ನೂ ಎಳೆದುಕೊಳ್ಳುತ್ತದೆ. ಬದಿಯಲ್ಲಿ ಒಂದು ಮುಳ್ಳು ಇರುತ್ತದೆ. ಅದನ್ನು ಎರಡಕ್ಕೆ ಇಟ್ಟರೆ ಒಂದೇ ಸಂಖ್ಯೆ ಎರಡು ಸಲ ಬಿದ್ದು, ಮೂರನೆಯ ಒತ್ತಿಗೆ ಮುಂದಿನ ಸಂಖ್ಯೆ ಬರುತ್ತದೆ. ಗಿರಾಕಿಯ ಕೈಗೆ ಹೋಗುವ ಹಾಳೆಗೂ ಪುಸ್ತಕದಲ್ಲೇ ಉಳಿಯುವ ಪ್ರತಿಗೂ ಒಂದೇ ಸಂಖ್ಯೆ ಇರಬೇಕಲ್ಲ. ಈ ಯಂತ್ರ ಎಂದೂ ತಪ್ಪು ಮಾಡದಿರುವುದಕ್ಕೆ ಎರಡು ಕಾರಣಗಳಿವೆ. ಯಂತ್ರ ಇರುವುದು ಒಂದೇ, ಇಬ್ಬರು ಒಟ್ಟಿಗೆ ಒತ್ತಲಾರರು. ಜೊತೆಗೆ, ಸಂಖ್ಯೆ ಹುಟ್ಟುವುದೂ ಅದು ಕಾಗದದ ಮೇಲೆ ಬೀಳುವುದೂ ಒಂದೇ ಗಳಿಗೆಯಲ್ಲಿ ನಡೆಯುತ್ತದೆ. ಕಂಪ್ಯೂಟರಿನಲ್ಲಿ ದಾಖಲೆ ಇಡಲು ಹೊರಟ ಕೂಡಲೇ ಈ ಎರಡೂ ಅನುಕೂಲಗಳು ನಮ್ಮ ಕೈ ತಪ್ಪುತ್ತವೆ. ಅವನ್ನು ಮತ್ತೆ ದಕ್ಕಿಸಿಕೊಳ್ಳುವುದು ಹೇಗೆಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಡಾಸ್ ಕಾಲದಲ್ಲಿ ಡಿಬೇಸ್ ಅಥವಾ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶ ಬಳಸಿದವರಿಗೆ ರೆಕಾರ್ಡ್ ನಂಬರ್ ಎಂದರೆ ಆ ಸಾಲು ಫೈಲಿನಲ್ಲಿ ಎಷ್ಟನೆಯದು ಎಂಬ ಲೆಕ್ಕವಾಗಿತ್ತು. ರೆಕ್‌ನೋ ಎಂಬ ಫಂಕ್ಷನ್ ಅದನ್ನು ಹೇಳುತ್ತಿತ್ತು. ಸಾಲನ್ನು ಅಳಿಸಿದರೆ ಅದು ಒಡನೆಯೇ ಹೋಗುತ್ತಿರಲಿಲ್ಲ. ಅಳಿಸಿದ ಗುರುತಾಗಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತಿತ್ತು ಅಷ್ಟೆ. ಆಮೇಲೆ ಯಾರಾದರೂ ಪ್ಯಾಕ್ ಎಂಬ ಆದೇಶ ಕೊಟ್ಟಾಗ ಗುರುತು ಬಿದ್ದ ಸಾಲುಗಳು ನಿಜವಾಗಿ ಹೋಗಿ, ಉಳಿದವು ಮೇಲಕ್ಕೆ ಸರಿದು, ನೂರಾ ಇಪ್ಪತ್ತನೆಯ ಸಾಲು ನೂರಾ ಹದಿನೇಳನೆಯದಾಗಿಬಿಡುತ್ತಿತ್ತು. ಆ ಸಂಖ್ಯೆಯನ್ನೇ ನಂಬಿ ಸದಸ್ಯತ್ವದ ಚೀಟಿ ಬರೆದುಕೊಟ್ಟವರ ಪಾಡನ್ನು ಊಹಿಸಿಕೊಳ್ಳಿ. ಆಕ್ಸೆಸ್‌ನ ಫಾರ್ಮಿನ, ಅಂದರೆ ವಿವರ ತುಂಬುವ ಪರದೆಯ, ತಳದಲ್ಲಿ ಇಂದಿಗೂ ಕಾಣುವ ‘120ರಲ್ಲಿ 5’ ಎಂಬ ಬಗೆಯ ಎಣಿಕೆ ಇದೇ ಕುಲಕ್ಕೆ ಸೇರಿದ್ದು. ಹೆಸರಿನ ಪ್ರಕಾರ ಜೋಡಿಸಿದರೆ ಒಂದು, ತಾರೀಖಿನ ಪ್ರಕಾರ ಜೋಡಿಸಿದರೆ ಇನ್ನೊಂದು ಆಗುವ ಆ ಸಂಖ್ಯೆ ಸಾಲು ಈ ಹೊತ್ತು ನಿಂತಿರುವ ಜಾಗವನ್ನಷ್ಟೇ ಹೇಳುತ್ತದೆ. ಸಾಲಿಗೆ ಅದು ಹೆಸರಾಗಲಾರದು.

1992ರ ಕೊನೆಯಲ್ಲಿ ಆಕ್ಸೆಸ್ ಬಂದಾಗ ಅದರಲ್ಲಿ ಕೌಂಟರ್ ಎಂಬ ಬಗೆಯ ಫೀಲ್ಡ್, ಅಂದರೆ ವಿವರದ ಕಲಮು, ಇತ್ತು. ಮುಂದೆ ಅದಕ್ಕೇ ಆಟೋನಂಬರ್ ಎಂಬ ಹೆಸರಾಯಿತು. ಹೊಸ ಸಾಲು ಬಂದಾಗ ತಾನಾಗಿಯೇ ಒಂದು ಸಂಖ್ಯೆ ಕೊಡುವುದು ಅದರ ಕೆಲಸ. ನಾಲ್ಕು ಬೈಟುಗಳ ಲಾಂಗ್ ಇಂಟಿಜರ್ ಆಗಿರುವುದರಿಂದ ಅದು 2,14,74,83,647ರವರೆಗೆ, ಅಂದರೆ ಇನ್ನೂರು ಕೋಟಿಗೂ ಮೇಲೆ ಎಣಿಸಬಲ್ಲದು. ನಮ್ಮ ನಿಮ್ಮ ಅಂಗಡಿಗಳಿಗೆ ಸಂಖ್ಯೆ ಮುಗಿದುಹೋಗುವ ಭಯವಿಲ್ಲ. ಹೊಸದಾಗಿ ಆಕ್ಸೆಸ್ ಕಲಿತವರೆಲ್ಲರೂ ಬಿಲ್ ನಂಬರಿಗೆ ಇದನ್ನೇ ಬಳಸುತ್ತಾರೆ, ಮತ್ತು ಎರಡೇ ವಾರಗಳಲ್ಲಿ ಒಂದೇ ದೂರನ್ನು ತರುತ್ತಾರೆ: ಮೂವತ್ತೊಂದಾದ ಮೇಲೆ ಮೂವತ್ತಮೂರು ಬಂದಿದೆ, ಮೂವತ್ತೆರಡು ಎಲ್ಲಿ ಹೋಯಿತು?

ಮೂವತ್ತೆರಡು ಎಲ್ಲಿಯೂ ಕಳ್ಳತನವಾಗಿಲ್ಲ. ಫಾರ್ಮಿನ ಹೊಸ ಸಾಲಿನಲ್ಲಿ ಮೊದಲ ಅಕ್ಷರವನ್ನು ಒತ್ತಿದ ಕ್ಷಣದಲ್ಲೇ ಆಟೋನಂಬರ್ ತನ್ನ ಮುಂದಿನ ಸಂಖ್ಯೆಯನ್ನು ಎತ್ತಿಕೊಡುತ್ತದೆ. ಗಿರಾಕಿ ‘ಬೇಡ ಬಿಡಿ, ನಾಳೆ ಬರುತ್ತೇನೆ’ ಎಂದು, ನೀವು ಎಸ್ಕೇಪ್ ಒತ್ತಿ ಆ ಬಿಲ್ಲನ್ನು ಕೈಬಿಟ್ಟರೆ ಸಾಲು ಉಳಿಯುವುದಿಲ್ಲ, ಆದರೆ ಕೊಟ್ಟ ಸಂಖ್ಯೆಯನ್ನು ಯಂತ್ರ ಹಿಂದಕ್ಕೆ ಪಡೆಯುವುದೂ ಇಲ್ಲ. ಉಳಿಸಿದ ಸಾಲನ್ನು ಅಳಿಸಿದರೂ ಹಾಗೆಯೇ. ಇದನ್ನು ದೋಷವೆಂದು ಬೈಯುವವರನ್ನು ನಾನು ಬಹಳ ಕಂಡಿದ್ದೇನೆ, ಆದರೆ ಬೈಗುಳ ಸಲ್ಲುವುದು ಬಳಸಿದವರಿಗೆ. ಎರಡು ಸಾಲುಗಳಿಗೆ ಒಂದೇ ಸಂಖ್ಯೆ ಬಾರದಂತೆ ನೋಡಿಕೊಳ್ಳುವುದಷ್ಟೇ ಆಟೋನಂಬರ್ ಒಪ್ಪಿಕೊಂಡಿರುವ ಕೆಲಸ. ಬಿಲ್ಲಿನ ಟೇಬಲನ್ನು (ಸಾಲುಗಳೆಲ್ಲ ಕೂಡಿರುವ ಪಟ್ಟಿಯನ್ನು) ಬಿಲ್ಲಿನೊಳಗಿನ ಸರಕುಗಳ ಟೇಬಲಿಗೆ ಕಟ್ಟಿಹಾಕುವ ಗಂಟಾಗಿ ಅದು ಚೆನ್ನಾಗಿಯೇ ದುಡಿಯುತ್ತದೆ. ನಡುವೆ ತೆರಪಿಲ್ಲದೆ ಸಾಲಾಗಿ ಎಣಿಸುತ್ತೇನೆಂದು ಅದು ಎಲ್ಲಿಯೂ ಮಾತು ಕೊಟ್ಟಿಲ್ಲ. ಒಂದು ಟೇಬಲಿಗೆ ಒಂದೇ ಆಟೋನಂಬರ್ ಇರಬಹುದಾದ್ದರಿಂದ, ಮತ್ತು ಟೇಬಲನ್ನು ಪೂರ್ತಿ ಖಾಲಿ ಮಾಡಿ ಕಾಂಪ್ಯಾಕ್ಟ್ ಮಾಡುವಂಥ (ಫೈಲನ್ನು ಒತ್ತಿ ಚಿಕ್ಕದಾಗಿಸುವಂಥ) ಸಾಹಸವಿಲ್ಲದೆ ಅದು ಒಂದರಿಂದ ಮತ್ತೆ ಶುರುವಾಗದಿರುವುದರಿಂದ, ಪ್ರತಿ ಏಪ್ರಿಲ್‌ಗೆ ಹೊಸ ಎಣಿಕೆ ಬೇಕೆನ್ನುವ ವ್ಯಾಪಾರಿಗೆ ಅದು ಹೇಗೂ ಒದಗುವುದಿಲ್ಲ. ಆದ್ದರಿಂದ ನನ್ನ ರೂಢಿ ಇಷ್ಟು: ಪ್ರತಿ ಟೇಬಲಿನಲ್ಲಿಯೂ ಒಂದು ಆಟೋನಂಬರ್ ಇಡುತ್ತೇನೆ, ಆದರೆ ಅದನ್ನು ಫಾರ್ಮಿನಲ್ಲಾಗಲಿ ಮುದ್ರಿಸಿದ ಕಾಗದದಲ್ಲಾಗಲಿ ಯಾರ ಕಣ್ಣಿಗೂ ಬೀಳಿಸುವುದಿಲ್ಲ. ಜನ ನೋಡುವ ಕ್ರಮಸಂಖ್ಯೆಗೆ ಬೇರೆಯೇ ಒಂದು ಫೀಲ್ಡ್ ಇರುತ್ತದೆ.

ಇಲ್ಲಿ ಒಂದು ಗೊಂದಲವನ್ನು ದಾರಿಯಿಂದ ಸರಿಸಿಬಿಡುತ್ತೇನೆ. ಕೆಲವರಿಗೆ ಬೇಕಾಗಿರುವುದು ಸಂಗ್ರಹಿಸಿಡುವ ಸಂಖ್ಯೆಯೇ ಅಲ್ಲ. ಮುದ್ರಿಸಿದ ಪಟ್ಟಿಯ ಎಡ ಅಂಚಿನಲ್ಲಿ 1, 2, 3 ಎಂದು ಬಂದರೆ ಸಾಕು. ಅದಕ್ಕೆ ಆಕ್ಸೆಸ್ ರಿಪೋರ್ಟಿನಲ್ಲಿ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಕಂಟ್ರೋಲ್ ಸೋರ್ಸ್‌ನಲ್ಲಿ ಸಮ ಚಿಹ್ನೆಯೊಂದಿಗೆ 1 ಎಂದು ಬರೆದು, ರನ್ನಿಂಗ್ ಸಮ್ ಎಂಬ ಗುಣವನ್ನು ಓವರ್ ಆಲ್ ಎಂದು ಬದಲಿಸಿದರೆ ಮುಗಿಯಿತು. ಇದೇ ಕೆಲಸವನ್ನು ಕ್ವೆರಿಯಲ್ಲಿ, ಅಂದರೆ ಟೇಬಲಿಗೆ ಕೇಳುವ ಪ್ರಶ್ನೆಯಲ್ಲಿ, ಸಾಲುಗಳನ್ನು ಎಣಿಸುವ ಡಿಕೌಂಟ್ ಹಾಕಿ ಮಾಡಲು ಹೋಗುವವರು ಪ್ರತಿ ಸಾಲಿಗೂ ‘ನನ್ನ ಹಿಂದೆ ಎಷ್ಟು ಮಂದಿ’ ಎಂದು ಎಣಿಸಬೇಕಾಗುತ್ತದೆ. ಹತ್ತು ಸಾವಿರ ಸಾಲುಗಳಿದ್ದರೆ ಆ ಎಣಿಕೆ ಒಟ್ಟು ಐದು ಕೋಟಿಯನ್ನು ಮುಟ್ಟುತ್ತದೆ. ಅಷ್ಟು ಹೊತ್ತಿನಲ್ಲಿ ಕಾಫಿ ಕುಡಿದು ಬರಬಹುದು.

ಈಗ ನಿಜವಾದ ಕ್ರಮಸಂಖ್ಯೆಗೆ ಬರೋಣ. ಬಹಳ ಮಂದಿ ಬಳಸುವ ಉಪಾಯ ಡಿಮ್ಯಾಕ್ಸ್. ಬಿಲ್ಲುಗಳ ಟೇಬಲಿನಲ್ಲಿ ಈವರೆಗಿನ ದೊಡ್ಡ ಸಂಖ್ಯೆ ಯಾವುದೆಂದು ಕೇಳಿ, ಬಂದ ಉತ್ತರಕ್ಕೆ ಒಂದು ಕೂಡಿಸುವುದೇ ಅದರ ಸಾರ. ಟೇಬಲ್ ಖಾಲಿಯಿದ್ದಾಗ ಡಿಮ್ಯಾಕ್ಸ್ ಸೊನ್ನೆಯನ್ನು ಕೊಡದೆ ನಲ್ ಎಂಬ ಶೂನ್ಯಕ್ಕೂ ಆಚೆಯ ವಸ್ತುವನ್ನು ಕೊಡುತ್ತದೆ. ನಲ್‌ಗೆ ಒಂದನ್ನು ಕೂಡಿಸಿದರೆ ನಲ್ಲೇ ಬರುತ್ತದೆ. ಆದ್ದರಿಂದ ಅದನ್ನು ಎನ್‌ಜೆಡ್ ಎಂಬ ಫಂಕ್ಷನ್ನಿನಲ್ಲಿ ಸುತ್ತಿ ಸೊನ್ನೆ ಮಾಡಿಕೊಂಡು ಆಮೇಲೆ ಕೂಡಿಸಬೇಕು. ಇಷ್ಟನ್ನು ಯಾರು ಬೇಕಾದರೂ ಒಂದು ಸಾಲಿನಲ್ಲಿ ಬರೆಯಬಹುದು. ಆ ಸಾಲನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಮಾತ್ರ ಹೆಚ್ಚಿನವರು ಗಮನ ಕೊಡುವುದಿಲ್ಲ, ಮತ್ತು ನನ್ನ ಅನುಭವದಲ್ಲಿ ನೂರಕ್ಕೆ ತೊಂಬತ್ತು ತೊಡಕುಗಳು ಅಲ್ಲಿಯೇ ಹುಟ್ಟುತ್ತವೆ.

ಡೀಫಾಲ್ಟ್ ವ್ಯಾಲ್ಯೂ ಎಂಬಲ್ಲಿ ಬರೆದರೆ ಹೊಸ ಸಾಲು ಪರದೆಯ ಮೇಲೆ ಖಾಲಿಯಾಗಿ ಕಾಣಿಸಿಕೊಂಡಾಗಲೇ ಸಂಖ್ಯೆ ತುಂಬಿಕೊಳ್ಳುತ್ತದೆ. ಬಿಫೋರ್ ಇನ್ಸರ್ಟ್ ಎಂಬ ಘಟನೆಯಲ್ಲಿ, ಅಂದರೆ ಆ ಗಳಿಗೆಗೆ ತಾನಾಗಿ ನಡೆಯುವ ಕೋಡಿನಲ್ಲಿ, ಬರೆದರೆ ಮೊದಲ ಅಕ್ಷರ ಒತ್ತಿದಾಗ ತುಂಬಿಕೊಳ್ಳುತ್ತದೆ. ಎರಡರಲ್ಲಿಯೂ ಸಂಖ್ಯೆ ಹುಟ್ಟಿದ ಹೊತ್ತಿಗೂ ಬಿಲ್ ಉಳಿಯುವ ಹೊತ್ತಿಗೂ ನಡುವೆ ಕೆಲವು ನಿಮಿಷಗಳು ಕಳೆಯುತ್ತವೆ: ಗಿರಾಕಿ ಚೌಕಾಸಿ ಮಾಡುತ್ತಾನೆ, ಫೋನ್ ಬರುತ್ತದೆ, ಚಿಲ್ಲರೆ ಹುಡುಕಬೇಕಾಗುತ್ತದೆ. ಆ ನಿಮಿಷಗಳಲ್ಲಿ ಪಕ್ಕದ ಕೌಂಟರಿನವರು ಹೊಸ ಬಿಲ್ ತೆರೆದರೆ ಅವರ ಡಿಮ್ಯಾಕ್ಸ್‌ಗೂ ಅದೇ ಹಳೆಯ ದೊಡ್ಡ ಸಂಖ್ಯೆಯೇ ಕಾಣುತ್ತದೆ, ಇಬ್ಬರ ಪರದೆಯ ಮೇಲೂ 418 ಎಂದು ಬೀಳುತ್ತದೆ. ಬಿಫೋರ್ ಅಪ್‌ಡೇಟ್ ಎಂಬ ಘಟನೆ ನಡೆಯುವುದು ಸಾಲು ಡಿಸ್ಕಿಗೆ ಹೋಗುವುದಕ್ಕೆ ತೀರಾ ಮುಂಚೆ; ಅಲ್ಲಿ, ಇದು ಹೊಸ ಸಾಲೇ ಹೌದೆಂದು ನ್ಯೂರೆಕಾರ್ಡ್ ಗುಣದಿಂದ ಖಚಿತಪಡಿಸಿಕೊಂಡು, ಬೇರೆ ಎಲ್ಲ ತಪಾಸಣೆಗಳೂ ಮುಗಿದ ಮೇಲೆ, ಕೊಟ್ಟಕೊನೆಯ ಸಾಲಾಗಿ ಸಂಖ್ಯೆಯನ್ನು ಬರೆದರೆ ನಡುವಿನ ತೆರಪು ನಿಮಿಷಗಳಿಂದ ಕಣ್ಣು ಮಿಟುಕಿಸುವಷ್ಟಕ್ಕೆ ಇಳಿಯುತ್ತದೆ. ಗಿರಾಕಿ ಅರ್ಧದಲ್ಲಿ ಎದ್ದು ಹೋದರೆ ಯಾವ ಸಂಖ್ಯೆಯೂ ವ್ಯರ್ಥವಾಗುವುದಿಲ್ಲ, ಏಕೆಂದರೆ ಸಂಖ್ಯೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ‘ಬಿಲ್ ಬರೆಯುವಾಗ ನಂಬರ್ ಕಾಣಬೇಕು’ ಎಂದು ಕೇಳುವ ಮಾಲೀಕರು ಇದ್ದೇ ಇರುತ್ತಾರೆ. ಉಳಿಸುವವರೆಗೆ ಆ ಜಾಗದಲ್ಲಿ ‘ಹೊಸದು’ ಎಂದಷ್ಟೇ ತೋರಿಸಿ, ಉಳಿಸಿದ ಕೂಡಲೇ ಸಂಖ್ಯೆ ಬರುವುದನ್ನು ಎರಡು ದಿನ ನೋಡಿದರೆ ಅವರೂ ಒಗ್ಗಿಕೊಳ್ಳುತ್ತಾರೆ.

ಕಣ್ಣು ಮಿಟುಕಿಸುವಷ್ಟು ತೆರಪು ಎಂದೆ, ಅದು ಸೊನ್ನೆಯಾಗಿಲ್ಲ. ಆದ್ದರಿಂದ ಟೇಬಲಿನಲ್ಲಿಯೇ ಆ ಫೀಲ್ಡಿಗೆ ಯುನಿಕ್ ಇಂಡೆಕ್ಸ್, ಅಂದರೆ ಒಂದೇ ಸಂಖ್ಯೆ ಎರಡು ಸಲ ಸೇರದಂತೆ ತಡೆಯುವ ಕಟ್ಟು, ಇರಲೇಬೇಕು. ಇಬ್ಬರೂ ಅದೇ ಕ್ಷಣದಲ್ಲಿ 418ನ್ನು ಹಿಡಿದುಕೊಂಡು ಬಂದರೆ ಮೊದಲು ಬಂದವರದು ಉಳಿದು, ಎರಡನೆಯವರಿಗೆ 3022 ಎಂಬ ಸಂಖ್ಯೆಯ ದೋಷ ಎದುರಾಗುತ್ತದೆ. ಅದನ್ನು ಫಾರ್ಮಿನ ಎರರ್ ಘಟನೆಯಲ್ಲಿ ಹಿಡಿದು, ಆಕ್ಸೆಸ್‌ನ ಉದ್ದನೆಯ ಇಂಗ್ಲಿಷ್ ಸಂದೇಶವನ್ನು ತಡೆದು, ‘ಇನ್ನೊಮ್ಮೆ ಉಳಿಸಿ’ ಎಂದು ಕನ್ನಡದಲ್ಲಿ ಹೇಳಿದರೆ ಸಾಕು. ಎರಡನೆಯ ಸಲ ಉಳಿಸುವಾಗ ಬಿಫೋರ್ ಅಪ್‌ಡೇಟ್ ಮತ್ತೆ ನಡೆದು 419 ಬರುತ್ತದೆ. ದಿನಕ್ಕೆ ನೂರಿನ್ನೂರು ಬಿಲ್ಲುಗಳ, ಎರಡು ಮೂರು ಕೌಂಟರುಗಳ ಅಂಗಡಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಯುನಿಕ್ ಇಂಡೆಕ್ಸ್ ಇರಲೇಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಹಿನ್ನೆಲೆಯೊಂದಿದೆ, ಮತ್ತು ಅದರಲ್ಲಿ ತಪ್ಪಿತಸ್ಥ ನಾನೇ. ಮೊದಮೊದಲು ಒಂದು ಅಂಗಡಿಗೆ ಬಿಲ್ಲಿಂಗ್ ಫೈಲು ಮಾಡಿಕೊಟ್ಟಾಗ ಬಿಲ್ ಸಂಖ್ಯೆಯನ್ನು ‘ಬಿ-001’, ‘ಬಿ-002’ ಎಂದು ಅಕ್ಷರ ಸೇರಿಸಿ ಟೆಕ್ಸ್ಟ್ ಫೀಲ್ಡಿನಲ್ಲಿ ಇಟ್ಟಿದ್ದೆ. ಹನ್ನೊಂದನೆಯ ಬಿಲ್ಲಿನಲ್ಲೇ ಸಿಕ್ಕಿಬೀಳಬೇಕಾಗಿದ್ದವನು ಮೂರು ಅಂಕಿಗಳಿಗೆ ಸೊನ್ನೆ ತುಂಬಿ 001 ಎಂದು ಬರೆದದ್ದರಿಂದ 999ರವರೆಗೆ ಬಚಾವಾದೆ. ಸಾವಿರನೆಯ ಬಿಲ್ ಸರಿಯಾಗಿಯೇ ‘ಬಿ-1000’ ಎಂದು ಬಂತು. ಅದರ ನಂತರದ್ದೂ ‘ಬಿ-1000’ ಎಂದೇ ಬಂತು, ಅದರ ನಂತರದ್ದೂ ಅಷ್ಟೇ. ಅಕ್ಷರಗಳಾಗಿ ಹೋಲಿಸುವಾಗ ಎಡಗಡೆಯಿಂದ ಒಂದೊಂದೇ ಗುರುತನ್ನು ನೋಡುತ್ತಾ ಬರುವುದರಿಂದ, ಒಂದಕ್ಕಿಂತ ಒಂಬತ್ತು ದೊಡ್ಡದಾದ ಕಾರಣ, ಡಿಮ್ಯಾಕ್ಸ್‌ನ ಲೆಕ್ಕದಲ್ಲಿ ‘ಬಿ-999’ ಎಂಬುದೇ ಶಾಶ್ವತವಾಗಿ ದೊಡ್ಡದು. ಅದಕ್ಕೆ ಒಂದು ಕೂಡಿಸಿದರೆ ಎಷ್ಟು ಸಲ ಕೂಡಿಸಿದರೂ ಸಾವಿರವೇ. ದೀಪಾವಳಿಯ ಸಂತೆಯ ದಿನ ಒಂದೇ ಸಂಖ್ಯೆಯ ಬಿಲ್ಲುಗಳನ್ನು ಕಂತೆಗಟ್ಟಲೆ ಮುದ್ರಿಸಿದ ಮೇಲೆಯೇ ಅದು ಗೊತ್ತಾದದ್ದು. ಯುನಿಕ್ ಇಂಡೆಕ್ಸ್ ಇದ್ದಿದ್ದರೆ ಎರಡನೆಯ ಸಾವಿರವೇ ತಡೆದು ನಿಲ್ಲುತ್ತಿತ್ತು. ಅಂದಿನಿಂದ ಸಂಖ್ಯೆಯನ್ನು ಸಂಖ್ಯೆಯಾಗಿಯೇ, ಲಾಂಗ್ ಇಂಟಿಜರ್ ಫೀಲ್ಡಿನಲ್ಲಿ ಇಡುತ್ತೇನೆ. ಸಂಖ್ಯೆಗೆ ಮುಂಚೆ ಬರುವ ಅಕ್ಷರ, ವರ್ಷ, ತುಂಬುವ ಸೊನ್ನೆಗಳು ಎಲ್ಲವೂ ತೋರಿಸುವ ಮತ್ತು ಮುದ್ರಿಸುವ ಹೊತ್ತಿಗೆ ಫಾರ್ಮ್ಯಾಟ್ ಫಂಕ್ಷನ್ನಿನಿಂದ ಸೇರಿಕೊಳ್ಳುತ್ತವೆ.

ವರ್ಷದ ಮಾತು ಬಂತು. ನಮ್ಮಲ್ಲಿ ಲೆಕ್ಕದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಜಿಎಸ್‌ಟಿ ಜಾರಿಗೆ ಬಂದ 2017ರ ಕೇಂದ್ರ ನಿಯಮಾವಳಿಯ 46ನೆಯ ನಿಯಮ ತೆರಿಗೆ ಬಿಲ್ಲಿನ ಸಂಖ್ಯೆ ಹೇಗಿರಬೇಕೆಂದು ಬಿಡಿಸಿ ಹೇಳುತ್ತದೆ: ಅದು ಒಂದರ ಹಿಂದೆ ಒಂದು ಬರುವ ಕ್ರಮಸಂಖ್ಯೆಯಾಗಿರಬೇಕು, ಹದಿನಾರು ಗುರುತುಗಳನ್ನು ಮೀರಬಾರದು, ಒಂದೇ ಸರಣಿಯಲ್ಲಿಯೂ ಇರಬಹುದು ಹಲವು ಸರಣಿಗಳಲ್ಲಿಯೂ ಇರಬಹುದು, ಅದರಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆ ಮಾತ್ರ ಬರಬಹುದು, ಮತ್ತು ಒಂದು ಹಣಕಾಸು ವರ್ಷದೊಳಗೆ ಅದು ಎರಡು ಸಲ ಬರಕೂಡದು. ಹದಿನಾರು ಎಂದರೆ ಧಾರಾಳವೆನಿಸುತ್ತದೆ. ಆದರೆ ಎಲ್ಲರಿಗೂ ಮೊದಲು ಹೊಳೆಯುವ ಮಾದರಿಯನ್ನೇ ಎಣಿಸಿ ನೋಡಿ: ಇಂಗ್ಲಿಷಿನ ಐ, ಎನ್, ವಿ ಎಂಬ ಮೂರಕ್ಷರ, ಒಂದು ಓರೆಗೆರೆ, 2024-25 ಎಂಬ ಏಳು ಗುರುತು, ಇನ್ನೊಂದು ಓರೆಗೆರೆ, 00417 ಎಂಬ ಐದು ಅಂಕಿ. ಒಟ್ಟು ಹದಿನೇಳಾಯಿತು, ಒಂದು ಹೆಚ್ಚು. ಒಂದೇ ಅಕ್ಷರ ಇಟ್ಟು ವರ್ಷವನ್ನು 24-25 ಎಂದು ಬರೆದರೆ ಹದಿಮೂರರಲ್ಲಿ ಮುಗಿಯುತ್ತದೆ.

ಟೇಬಲಿನಲ್ಲಿ ಇದಕ್ಕಾಗಿ ಮೂರು ಫೀಲ್ಡ್‌ಗಳು ಬೇಕು: ವರ್ಷ, ಸರಣಿ, ಸಂಖ್ಯೆ. ಯುನಿಕ್ ಇಂಡೆಕ್ಸ್ ಈ ಮೂರನ್ನೂ ಸೇರಿಸಿ ಇರಬೇಕು, ಡಿಮ್ಯಾಕ್ಸ್‌ಗೆ ಕೊಡುವ ಷರತ್ತಿನಲ್ಲಿ ವರ್ಷವೂ ಸರಣಿಯೂ ಇರಬೇಕು. ಏಪ್ರಿಲ್‌ನ ಮೊದಲ ಬಿಲ್ಲಿಗೆ ಆ ವರ್ಷದ ಸಾಲುಗಳೇ ಇಲ್ಲದಿರುವುದರಿಂದ ಎಣಿಕೆ ತಾನಾಗಿಯೇ ಒಂದರಿಂದ ಶುರುವಾಗುತ್ತದೆ. ಮಾರ್ಚ್ 31ರ ರಾತ್ರಿ ಯಾರೂ ಕೂತು ಏನನ್ನೂ ಬದಲಿಸಬೇಕಿಲ್ಲ. ವರ್ಷವನ್ನು ಕಂಡುಹಿಡಿಯಲು ಬಿಲ್ಲಿನ ತಾರೀಖಿನಿಂದ ಮೂರು ತಿಂಗಳು ಹಿಂದಕ್ಕೆ ಹೋಗಿ ಅಲ್ಲಿನ ಇಸವಿಯನ್ನು ತೆಗೆದುಕೊಂಡರೆ ಸಾಕು, ಜನವರಿಯಿಂದ ಮಾರ್ಚ್‌ವರೆಗಿನ ದಿನಗಳು ಹಿಂದಿನ ಇಸವಿಗೆ ತಾವಾಗಿಯೇ ಸೇರುತ್ತವೆ. ಬಿಲ್ಲಿನ ತಾರೀಖು ಎಂದೆನೇ ಹೊರತು ಕಂಪ್ಯೂಟರಿನ ಇಂದಿನ ತಾರೀಖು ಎನ್ನಲಿಲ್ಲ, ಗಮನಿಸಿ. ಮಾರ್ಚ್ 31ರ ಬಿಲ್ಲನ್ನು ಏಪ್ರಿಲ್ 2ರಂದು ಕೂತು ತುಂಬುವ ಅಭ್ಯಾಸ ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವೆಂದು ಈ ಸಭೆಗೆ ನಾನು ಹೇಳಬೇಕಾಗಿಲ್ಲ.

ಕೌಂಟರುಗಳು ಹೆಚ್ಚಾಗಿ, ದಿನವಿಡೀ ಸಾಲು ಕರಗದಂಥ ಕಡೆ ಡಿಮ್ಯಾಕ್ಸ್ ಮತ್ತು ಮರುಯತ್ನ ಸಾಲುವುದಿಲ್ಲ. ಆಕ್ಸೆಸ್‌ನ ಒಳಗಿರುವ ದತ್ತಸಂಚಯದ (ಡೇಟಾಬೇಸಿನ) ಎಂಜಿನ್ನು, ಹಿಂದೆ ಜೆಟ್ ಎನಿಸಿಕೊಂಡು 2007ರಿಂದ ಏಸ್ ಎಂಬ ಹೆಸರಿನಲ್ಲಿ ಬರುತ್ತಿರುವುದು, ಬರೆದದ್ದನ್ನು ಒಡನೆಯೇ ಎಲ್ಲ ಯಂತ್ರಗಳಿಗೂ ತೋರಿಸುವುದಿಲ್ಲ. ಪ್ರತಿ ಕಂಪ್ಯೂಟರೂ ತಾನು ಓದಿದ್ದನ್ನು ಸ್ವಲ್ಪ ಹೊತ್ತು ತನ್ನ ನೆನಪಿನಲ್ಲೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಒಬ್ಬರು ಉಳಿಸಿದ 418 ಇನ್ನೊಬ್ಬರ ಡಿಮ್ಯಾಕ್ಸ್‌ಗೆ ಕಾಣಲು ಕೆಲವೊಮ್ಮೆ ತಡವಾಗುತ್ತದೆ. ಇಂಥಲ್ಲಿ ನಂಬರಿಂಗ್ ಮಷೀನಿನ ಮೊದಲ ಗುಣವನ್ನು, ಅಂದರೆ ಯಂತ್ರ ಒಂದೇ ಇರುವುದನ್ನು, ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಬೇರೆ ಒಂದು ಪುಟ್ಟ ಟೇಬಲ್ ಮಾಡಿ, ಪ್ರತಿ ವರ್ಷದ ಪ್ರತಿ ಸರಣಿಗೆ ಒಂದೇ ಒಂದು ಸಾಲು ಇಟ್ಟು, ಅದರಲ್ಲಿ ಕೊನೆಗೆ ಕೊಟ್ಟ ಸಂಖ್ಯೆಯನ್ನು ಬರೆದಿಡುತ್ತೇವೆ. ಸಂಖ್ಯೆ ಬೇಕಾದವರು ಆ ಸಾಲನ್ನು ಡಿಎಒ (ಕೋಡಿನಿಂದ ಟೇಬಲನ್ನು ಮುಟ್ಟುವ ಸಾಧನ) ಮೂಲಕ ತೆರೆದು, ಲಾಕ್‌ಎಡಿಟ್ಸ್ ಎಂಬ ಗುಣವನ್ನು ಚಾಲೂ ಇಟ್ಟು, ಎಡಿಟ್ ಎಂದು ಹೇಳಿದಾಗ ಸಾಲಿಗೆ ಬೀಗ ಬೀಳುತ್ತದೆ. ಬೀಗ ಸಿಕ್ಕ ಮೇಲೆಯೇ ಸಂಖ್ಯೆಯನ್ನು ಓದಬೇಕು, ಒಂದು ಕೂಡಿಸಿ ಬರೆಯಬೇಕು, ಬೀಗ ಬಿಡಬೇಕು. ಓದಿ ಆಮೇಲೆ ಬೀಗ ಹಾಕುವವರು ಮನೆಗೆ ಕಳ್ಳ ನುಗ್ಗಿದ ಮೇಲೆ ಬಾಗಿಲು ಮುಚ್ಚಿದಂತೆ. ಬೀಗ ಬೇರೆಯವರ ಕೈಯಲ್ಲಿದ್ದರೆ ದೋಷ ಬರುತ್ತದೆ. ಆಗ ಒಂದಿಷ್ಟು ಹೊತ್ತು ಕಾದು ಮತ್ತೆ ಕೇಳಬೇಕು. ಎಲ್ಲರೂ ಒಂದೇ ಅಳತೆಯ ಹೊತ್ತು ಕಾದರೆ ಮತ್ತೆ ಒಟ್ಟಿಗೇ ಬಂದು ಡಿಕ್ಕಿ ಹೊಡೆಯುವುದರಿಂದ ಕಾಯುವ ಹೊತ್ತನ್ನು ರ್‍ಯಾಂಡಮ್ ಆಗಿ ಹೆಚ್ಚು ಕಡಿಮೆ ಮಾಡುವುದು ಒಳ್ಳೆಯದು. ಹತ್ತು ಸಲ ಕೇಳಿದರೂ ಸಿಗದಿದ್ದರೆ ಬಳಕೆದಾರರಿಗೆ ತಿಳಿಸಿಬಿಡಬೇಕು. ಕೊನೆಯಿಲ್ಲದೆ ಸುತ್ತುವ ಲೂಪ್ ಬರೆದು ಯಂತ್ರವನ್ನು ಸ್ತಬ್ಧಗೊಳಿಸಬಾರದು.

ಈ ಉಪಾಯಕ್ಕೂ ಒಂದು ಬಿರುಕಿದೆ. ಸಂಖ್ಯೆ ಪಡೆದಾದ ಮೇಲೆ ಬಿಲ್ ಉಳಿಯದೆ ಹೋದರೆ, ಉದಾಹರಣೆಗೆ ನೆಟ್‌ವರ್ಕ್ ಕೇಬಲ್ ಸಡಿಲವಾಗಿದ್ದರೆ, ಪುಟ್ಟ ಟೇಬಲಿನಲ್ಲಿ 418 ಮುಗಿದಿದೆ, ಬಿಲ್ಲುಗಳ ಟೇಬಲಿನಲ್ಲಿ 418 ಇಲ್ಲ. ಡಿಮ್ಯಾಕ್ಸ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಎಣಿಕೆಯೂ ಬಿಲ್ಲೂ ಒಂದೇ ಸಾಲಿನಲ್ಲಿವೆ. ಬಿರುಕನ್ನು ಪೂರ್ತಿ ಮುಚ್ಚಬೇಕೆಂದರೆ ಸಂಖ್ಯೆ ಏರಿಸುವುದನ್ನೂ ಬಿಲ್ ಉಳಿಸುವುದನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕಟ್ಟಿನಲ್ಲಿ), ಬಿಗಿನ್‌ಟ್ರಾನ್ಸ್ ಮತ್ತು ಕಮಿಟ್‌ಟ್ರಾನ್ಸ್‌ಗಳ ನಡುವೆ ಇಡಬೇಕು, ಮತ್ತು ಟೇಬಲಿಗೆ ನೇರವಾಗಿ ಕಟ್ಟಿದ ಫಾರ್ಮಿನಲ್ಲಿ ಅದು ಸುಲಭವಲ್ಲದ್ದರಿಂದ ಕಟ್ಟಿರದ ಫಾರ್ಮ್ ಮಾಡಿ ಉಳಿಸುವ ಕೋಡನ್ನೆಲ್ಲ ಕೈಯಾರೆ ಬರೆಯಬೇಕು. ಕಮಿಟ್ ಆಗುವವರೆಗೆ ಬೀಗ ಬಿಡುವುದಿಲ್ಲ, ಉಳಿದವರೆಲ್ಲ ಕಾಯುತ್ತಾರೆ. ತೆರಪಿಲ್ಲದ ಎಣಿಕೆ ಬೇಕೆಂದರೆ ಎಲ್ಲರೂ ಒಂದೇ ಬಾಗಿಲಿನಲ್ಲಿ ಒಬ್ಬೊಬ್ಬರಾಗಿ ಹೋಗಲೇಬೇಕು, ಇದಕ್ಕೆ ಒಳದಾರಿಯಿಲ್ಲ. ದೊಡ್ಡ ದತ್ತಸಂಚಯಗಳು ಕೂಡ ಈ ಬೆಲೆ ತೆರಲು ಒಪ್ಪದೆ ತೆರಪುಗಳನ್ನೇ ಒಪ್ಪಿಕೊಂಡಿವೆ. ಪೋಸ್ಟ್‌ಗ್ರೆಸ್‌ನಲ್ಲಿ ಸೀಕ್ವೆನ್ಸ್ ಎಂಬ ಎಣಿಕೆಗಾರ ಕೊಟ್ಟ ಸಂಖ್ಯೆ ಟ್ರಾನ್ಸಾಕ್ಷನ್ ರದ್ದಾದರೂ ಹಿಂದಿರುಗುವುದಿಲ್ಲ. ಒರಾಕಲ್‌ನ ಸೀಕ್ವೆನ್ಸ್, ಬೇರೆ ಏನೂ ಹೇಳದಿದ್ದರೆ, ಇಪ್ಪತ್ತು ಸಂಖ್ಯೆಗಳನ್ನು ಮುಂಗಡವಾಗಿ ನೆನಪಿನಲ್ಲಿ ಎತ್ತಿಟ್ಟುಕೊಳ್ಳುತ್ತದೆ. ಎಸ್‌ಕ್ಯೂಎಲ್ ಸರ್ವರ್ 2012ರಲ್ಲಿ ಯಂತ್ರ ತಟ್ಟನೆ ನಿಂತು ಮತ್ತೆ ಶುರುವಾದರೆ ಐಡೆಂಟಿಟಿ ಎಂಬ, ಆಟೋನಂಬರಿನಂಥ ಎಣಿಕೆ ಒಮ್ಮೆಲೇ ಸಾವಿರದಷ್ಟು ಹಾರುವುದನ್ನು ಕಂಡು ಎಷ್ಟೋ ಲೆಕ್ಕಿಗರು ಬೆವರಿದ್ದಾರೆ.

ಇನ್ನು ಅಳಿಸುವುದರ ಬಗ್ಗೆ. ಡಿಮ್ಯಾಕ್ಸ್ ಬಳಸುವ ಕಡೆ ಕೊನೆಯ ಬಿಲ್ಲನ್ನು ಮುದ್ರಿಸಿ ಕೊಟ್ಟು ಆಮೇಲೆ ಅಳಿಸಿದರೆ ಮುಂದಿನ ಬಿಲ್ಲಿಗೆ ಅದೇ ಸಂಖ್ಯೆ ಬರುತ್ತದೆ, ಊರಿನಲ್ಲಿ ಒಂದೇ ಸಂಖ್ಯೆಯ ಎರಡು ಕಾಗದಗಳು ಓಡಾಡುತ್ತವೆ. ನಡುವಿನದನ್ನು ಅಳಿಸಿದರೆ ಕೇಳುವವರಿಗೆ ಉತ್ತರವಿಲ್ಲದ ತೆರಪು ಉಳಿಯುತ್ತದೆ. ಆದ್ದರಿಂದ ಫಾರ್ಮಿನಲ್ಲಿ ಅಲೋ ಡಿಲೀಷನ್ಸ್ ಎಂಬುದನ್ನು ಮುಚ್ಚಿ, ‘ರದ್ದು’ ಎಂಬ ಹೌದು-ಅಲ್ಲ ಫೀಲ್ಡೊಂದನ್ನು ಇಡಿ. ಕೈಬರಹದ ರಸೀದಿ ಪುಸ್ತಕದಲ್ಲಿ ತಪ್ಪಾದ ಹಾಳೆಯನ್ನು ಹರಿಯದೆ, ಅಡ್ಡಗೆರೆ ಎಳೆದು, ಎರಡೂ ಪ್ರತಿಗಳನ್ನು ಪುಸ್ತಕದಲ್ಲೇ ಉಳಿಸಿಕೊಳ್ಳುವ ಪದ್ಧತಿಯೇ ಇದು. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1 ನಮೂನೆಯ 13ನೆಯ ಕೋಷ್ಟಕವೂ ಕೇಳುವುದು ಇದನ್ನೇ: ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಕೊಟ್ಟಿರಿ, ಒಟ್ಟು ಎಷ್ಟು, ಅದರಲ್ಲಿ ರದ್ದಾದವು ಎಷ್ಟು, ಉಳಿದವು ಎಷ್ಟು. ರದ್ದಾದ ಸಾಲುಗಳನ್ನು ಉಳಿಸಿಕೊಂಡವರಿಗೆ ಇದು ಒಂದು ಕ್ವೆರಿಯ ಕೆಲಸ. ಗ್ರಂಥಾಲಯದವರಿಗೆ ನಾನು ಹೊಸದೇನನ್ನೂ ಹೇಳುತ್ತಿಲ್ಲ. ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿನಲ್ಲಿ ಪುಸ್ತಕ ಕಳೆದುಹೋದರೂ, ಹರಿದು ಹೊರಹಾಕಿದರೂ ಅದರ ಸಂಖ್ಯೆಯನ್ನು ಇನ್ನೊಂದು ಪುಸ್ತಕಕ್ಕೆ ಕೊಡುವುದಿಲ್ಲ, ಷರಾ ಕಲಮಿನಲ್ಲಿ ಕಾರಣ ಬರೆಯುತ್ತೀರಿ ಅಷ್ಟೆ.

ಮುದ್ರಿಸುವಾಗ ಸಂಖ್ಯೆ ಕನ್ನಡ ಅಂಕಿಗಳಲ್ಲಿ ಬರಬೇಕೆಂದು ಕೇಳಿದವರಿಗೆ ಒಂದು ಮಾತು. ಟೇಬಲಿನೊಳಗೆ ಬೇಡ, ಅಲ್ಲಿ ಅದು ಬರಿಯ ಸಂಖ್ಯೆಯಾಗಿರಲಿ. ರಿಪೋರ್ಟಿಗೆ ಕಳಿಸುವಾಗ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳನ್ನು ರಿಪ್ಲೇಸ್ ಫಂಕ್ಷನ್ನಿನಿಂದ ಒಂದೊಂದಾಗಿ ಬದಲಿಸಿದರಾಯಿತು. ಆಕ್ಸೆಸ್‌ನ ಕೋಡಿನ ಭಾಷೆಯಾದ ವಿಬಿಎ ಬರೆಯುವ ಕಿಟಕಿ ಕನ್ನಡ ಅಕ್ಷರಗಳನ್ನು ಹಿಡಿಯಲಾರದೆ ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸುವುದರಿಂದ, ಅಲ್ಲಿ ಅಂಕಿಯನ್ನು ನೇರವಾಗಿ ಟೈಪ್ ಮಾಡದೆ ಸಿಎಚ್‌ಆರ್‌ಡಬ್ಲ್ಯೂ ಫಂಕ್ಷನ್ನಿಗೆ ಯೂನಿಕೋಡ್ ಸಂಖ್ಯೆಯನ್ನು ಕೊಡಬೇಕು. ಕನ್ನಡದ ಸೊನ್ನೆ 3302. ಅಲ್ಲಿಂದ ಒಂದೊಂದು ಏರಿ ಒಂಬತ್ತು 3311ಕ್ಕೆ ಬರುತ್ತದೆ. ತೆರಿಗೆಗೆ ಸಲ್ಲಿಸುವ ಬಿಲ್ಲಿನಲ್ಲಿ ಮಾತ್ರ ಈ ಆಸೆಯನ್ನು ತಡೆದುಕೊಳ್ಳಿ; ಸಂಘದ ವಂತಿಗೆಯ ರಸೀದಿಗೆ, ಗ್ರಂಥಾಲಯದ ಚೀಟಿಗೆ ಅಡ್ಡಿಯಿಲ್ಲ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, ವರ್ಷದ ನಡುವೆ ಕಾಗದದ ಪುಸ್ತಕದಿಂದ ಕಂಪ್ಯೂಟರಿಗೆ ಬಂದರೆ ಏನು ಮಾಡಬೇಕು, ಕರೆಂಟು ಹೋದಾಗ ಏನು ಮಾಡಬೇಕು ಎಂದು ಕೇಳಿದರು. ಮೊದಲನೆಯದು ಸುಲಭ. ಪುಸ್ತಕದ ಕೊನೆಯ ಬಿಲ್ಲಿನ ಸಂಖ್ಯೆಯನ್ನು ಪುಟ್ಟ ಟೇಬಲಿನ ಆ ವರ್ಷದ ಸಾಲಿನಲ್ಲಿ ಬರೆದಿಟ್ಟರೆ ಮುಂದಿನದು ಅಲ್ಲಿಂದಲೇ ಹೊರಡುತ್ತದೆ. ಡಿಮ್ಯಾಕ್ಸ್ ಬಳಸುವವರು ಆ ಕೊನೆಯ ಬಿಲ್ಲೊಂದನ್ನಾದರೂ ಟೇಬಲಿಗೆ ಏರಿಸಬೇಕು. ಎರಡನೆಯದಕ್ಕೆ ಹಲವು ಸರಣಿಗಳಿಗೆ ಇರುವ ಅನುಮತಿಯೇ ದಾರಿ. ಕರೆಂಟು ಇಲ್ಲದ ಹೊತ್ತಿಗೆಂದು ಬೇರೆ ಅಕ್ಷರದ ಒಂದು ರಸೀದಿ ಪುಸ್ತಕವನ್ನು ಪ್ರೆಸ್ಸಿನಲ್ಲಿ ಮಾಡಿಸಿ ಕೌಂಟರಿನ ಕೆಳಗೆ ಇಟ್ಟಿರಿ, ಅದರಲ್ಲಿ ಬರೆದ ಬಿಲ್ಲುಗಳನ್ನು ಕರೆಂಟು ಬಂದ ಮೇಲೆ ಅದೇ ಸರಣಿಯ ಹೆಸರಿನಲ್ಲಿ ಟೇಬಲಿಗೆ ತುಂಬಿ. ಆ ಸರಣಿಯ ಸಾಲುಗಳಿಗೆ ಮಾತ್ರ ಬಿಫೋರ್ ಅಪ್‌ಡೇಟ್ ಸಂಖ್ಯೆ ಕೊಡಕೂಡದು. ನಂಬರಿಂಗ್ ಮಷೀನ್ ಆಗಲೇ ಒತ್ತಿರುವ ಸಂಖ್ಯೆಯನ್ನು ಹಾಳೆಯಿಂದ ನೋಡಿ ಕೈಯಿಂದಲೇ ತುಂಬಬೇಕು.